48 ದಿನದ ರಜೆ: ಎಷ್ಟು ಪ್ಲ್ಯಾನ್ ಮಾಡಬೇಕು, ಎಷ್ಟು ಸುಮ್ನೆ ಬಿಡಬೇಕು

ಏಪ್ರಿಲ್ 10ಕ್ಕೆ ರಿಸಲ್ಟ್ ಹೇಳಿ ಮಕ್ಕಳನ್ನು ಮನೆಗೆ ಕಳಿಸುತ್ತಾರೆ. 11ರ ಬೆಳಗ್ಗೆ ತಿಂಡಿ ತಟ್ಟೆ ಎತ್ತುವ ಮೊದಲೇ ಶುರು: "ಅಮ್ಮಾ, ಈಗ ಏನ್ ಮಾಡ್ಲಿ?" ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಮೇ 28ರವರೆಗೆ ರಜೆ. ಲೆಕ್ಕ ಹಾಕಿದರೆ 48 ದಿನ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ತಾರೀಖು ಹಿಂದೆ ಮುಂದೆ ಆಗುತ್ತದೆ, ಪ್ರಶ್ನೆ ಮಾತ್ರ ಅದೇ.

ನಾನು ಎರಡು ಥರವೂ ಮಾಡಿ ಪೆಟ್ಟು ತಿಂದವಳು. ಒಂದು ವರ್ಷ ಗೋಡೆ ಮೇಲೆ ಚಾರ್ಟ್ ಅಂಟಿಸಿ, ಒಂದರ ಹಿಂದೆ ಒಂದು ಮೂರು ಶಿಬಿರಕ್ಕೆ ಸೇರಿಸಿದೆ. ಅದರಲ್ಲಿ ಒಂದು 'ವ್ಯಕ್ತಿತ್ವ ವಿಕಸನ'ದ್ದು, ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ, ನಲವತ್ತು ಮಕ್ಕಳಿಗೆ ಎರಡು ಫ್ಯಾನು. ಹತ್ತು ದಿನಕ್ಕೆ ನನ್ನ ಮಗ ಪೇಪರ್ ಕಪ್ಪಿನ ಒಂದು ಸಿಂಹ ಮತ್ತು ಜ್ವರ ತಗೊಂಡು ಮನೆಗೆ ಬಂದ. ಮರುವರ್ಷ ಸಿಟ್ಟಲ್ಲಿ ಏನೂ ಬೇಡ, ಆಡಿಕೊಳ್ಳಲಿ ಅಂತ ಬಿಟ್ಟೆ. ಅವರು ಆಡಲಿಲ್ಲ, ಮೊಬೈಲ್ ಹಿಡಿದರು. ಮೇ ಎರಡನೇ ವಾರದ ಹೊತ್ತಿಗೆ ನಮ್ಮತ್ತೆಗೂ ಮೊಮ್ಮಕ್ಕಳಿಗೂ ಮಾತೇ ನಿಂತಿತ್ತು.

ಮೂರನೇ ವರ್ಷ ಒಂದು ವಿಷಯ ಅರ್ಥವಾಯಿತು. ನಾವು ಪ್ಲ್ಯಾನ್ ಮಾಡಬೇಕಾದ್ದು ಹೊತ್ತು ಮತ್ತು ಜೊತೆ. ಯಾವಾಗ ಹೊರಗೆ, ಯಾವಾಗ ಒಳಗೆ, ಆಡೋಕೆ ಇನ್ಯಾವ ಮಕ್ಕಳು ಸಿಗುತ್ತಾರೆ, ಇಷ್ಟನ್ನು ನೋಡಿಕೊಂಡರೆ ಏನು ಆಡಬೇಕು ಅನ್ನೋದು ಅವರ ತಲೆನೋವು. ನನ್ನ ಮಗಳಿಗೆ 11, ಮಗನಿಗೆ 8. ಕೆಳಗಿರುವುದೆಲ್ಲ ಹೆಚ್ಚುಕಡಿಮೆ ಆ ವಯಸ್ಸಿನವರಿಗೆ. ಐದರೊಳಗಿನ ಮಗುವಾದರೆ ಬಿಡೋ ಮಾತೇ ಇಲ್ಲ, ಕಣ್ಣಳತೆಯಲ್ಲೇ ಇರಬೇಕು. ಹದಿಮೂರು ದಾಟಿದವರಿಗೆ ನೀವು ಪ್ಲ್ಯಾನ್ ಮಾಡಿದರೆ ಅವರು ಅದನ್ನು ಬಿಟ್ಟು ಬೇರೆ ಎಲ್ಲಾ ಮಾಡುತ್ತಾರೆ, ಹಾಗಾಗಿ ಅವರ ಕೈಗೇ ಕ್ಯಾಲೆಂಡರ್ ಕೊಡಿ.

ಮೊದಲು ಕ್ಯಾಲೆಂಡರ್ ಕೆಳಗಿಳಿಸಿ

48 ದಿನ ಅಂದರೆ ಗಾಬರಿಯಾಗುತ್ತದೆ. ಆದರೆ ಈಗಾಗಲೇ ಹೋದ ದಿನಗಳನ್ನು ಹೊಡೆದು ಹಾಕಿ ನೋಡಿ. ಅಜ್ಜಿ ಮನೆ 12 ದಿನ. ಏಪ್ರಿಲ್-ಮೇ ಅಂದರೆ ಮದುವೆ ಕಾಲ, ಒಂದು ಮದುವೆ, ಒಂದು ಗೃಹಪ್ರವೇಶ, ಊರ ಜಾತ್ರೆ ಸೇರಿ 5 ದಿನ. ಶಾಲೆ ಶುರುವಾಗುವ ಮುಂಚಿನ ಒಂದು ವಾರ ಪುಸ್ತಕಕ್ಕೆ ಬೈಂಡ್ ಹಾಕೋದು, ಯೂನಿಫಾರ್ಮು, ಅಂಗಡಿ ತಿರುಗಾಟಕ್ಕೇ ಹೋಗುತ್ತದೆ. ನಿಜವಾಗಿ ನಿಮ್ಮ ಕೈಯಲ್ಲಿ ಉಳಿಯುವುದು 24 ದಿನ. ಅದರಲ್ಲಿ ಅರ್ಧದಷ್ಟು ದಿನ, ಅದೂ ಅರ್ಧ ಹೊತ್ತು ಮಾತ್ರ, ಒಂದು ಶಿಬಿರವೋ ಕ್ಲಾಸೋ ಇರಲಿ. ಮಿಕ್ಕಿದ್ದನ್ನು ಖಾಲಿ ಬಿಡಿ. ಖಾಲಿ ಅಂದರೆ ಖಾಲಿ. ಅಲ್ಲಿ ಅಬಾಕಸ್ ತುರುಕಬೇಡಿ.

ಶಿಬಿರಕ್ಕೆ ದುಡ್ಡು ಕಟ್ಟುವ ಮುಂಚೆ

ಶಿಬಿರದ ಪಾಂಪ್ಲೆಟ್ ಓದಬೇಡಿ, ಜಾಗಕ್ಕೆ ಹೋಗಿ ನಿಂತು ನೋಡಿ. ಟಾಯ್ಲೆಟ್ ಎಲ್ಲಿದೆ, ಕುಡಿಯುವ ನೀರು ಎಲ್ಲಿಂದ, ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು, ನಾವು ಕರೆದುಕೊಂಡು ಹೋಗೋದು ಅರ್ಧ ಗಂಟೆ ತಡವಾದರೆ ಮಗುವಿನ ಜೊತೆ ಯಾರಿರುತ್ತಾರೆ, ಇಷ್ಟು ಕೇಳಿ. ಹತ್ತು ದಿನದಲ್ಲಿ ಡ್ಯಾನ್ಸು, ಕರಾಟೆ, ಚಿತ್ರಕಲೆ, ವೇದಗಣಿತ, ಮ್ಯಾಜಿಕ್ಕು, ಬೆಂಕಿಯಿಲ್ಲದ ಅಡುಗೆ ಎಲ್ಲಾ ಕಲಿಸ್ತೀವಿ ಅಂದರೆ ಯಾವುದನ್ನೂ ಕಲಿಸೋದಿಲ್ಲ ಅಂತ ಅರ್ಥ. ಒಂದೇ ವಿಷಯದ್ದನ್ನು ಆರಿಸಿ. ನಾಟಕ ನನಗೆ ಇಷ್ಟ, ಯಾಕೆಂದರೆ ಅದರಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕಾಯಬೇಕು, ಜಗಳ ಆಡಬೇಕು, ರಾಜಿ ಆಗಬೇಕು. ಮೈಸೂರಿನವರಿಗೆ ರಂಗಾಯಣದ ಚಿನ್ನರ ಮೇಳ ಇದೆ, ಪುಣ್ಯವಂತರು. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನ ಬಾಲಭವನ ಇದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಒಂದು ಸಲ ವಿಚಾರಿಸಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು, ಎಷ್ಟೋ ಕಡೆ ಬೇಸಿಗೆ ಶಿಬಿರವನ್ನು ಉಚಿತವಾಗಿ ನಡೆಸುತ್ತಾರೆ.

ಒಂದೇ ಒಂದಕ್ಕೆ ದುಡ್ಡು ಹಾಕುವ ಹಾಗಿದ್ದರೆ ಈಜು. ಇದರಲ್ಲಿ ನಾನು ಯಾರ ಮಾತೂ ಕೇಳೋದಿಲ್ಲ. ಪ್ರತಿ ಬೇಸಿಗೆಯಲ್ಲೂ ಪೇಪರ್ ತೆಗೆದರೆ ಕೆರೆಗೆ ಹೋದ ಮಕ್ಕಳು, ಕಾಲುವೆಗೆ ಇಳಿದ ಮಕ್ಕಳು, ಕೃಷಿ ಹೊಂಡಕ್ಕೆ ಜಾರಿದ ಮಕ್ಕಳ ಸುದ್ದಿ ಇರುತ್ತದೆ. ಪೂಲಿನಲ್ಲಿ ಈಜು ಬಂತು ಅಂದ ಮಾತ್ರಕ್ಕೆ ಕೆರೆಗೆ ಬಿಡಿ ಅಂತಲ್ಲ. ಕೆರೆಯಲ್ಲಿ ಹೂಳಿರುತ್ತದೆ, ಕಾಲುವೆಯಲ್ಲಿ ಸೆಳೆತ ಇರುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಬಿದ್ದರೆ ದೊಡ್ಡವರಿಗೂ ಕಾಲು ಊರಿ ಮೇಲೆ ಹತ್ತೋಕೆ ಆಗೋದಿಲ್ಲ. ಇದನ್ನು ಮಕ್ಕಳಿಗೆ ಹೆದರಿಸೋ ಧ್ವನಿಯಲ್ಲಿ ಹೇಳಬೇಡಿ, ಕರೆದುಕೊಂಡು ಹೋಗಿ ದೂರದಿಂದ ತೋರಿಸಿ ಹೇಳಿ.

ದಿನಕ್ಕೆ ಮೂರು ಗೂಟ

ಗಂಟೆ ಗಂಟೆಗೂ ಟೈಮ್‌ಟೇಬಲ್ ಬೇಡ. ಮೂರು ಗೂಟ ಹೊಡೆದರೆ ಸಾಕು, ಹಸು ಅದರ ಸುತ್ತ ಮೇಯ್ಕೊಳ್ಳುತ್ತೆ. ಬೆಳಗ್ಗೆ ಹತ್ತರವರೆಗೆ ಹೊರಗೆ. ಹನ್ನೊಂದೂವರೆಯಿಂದ ನಾಲ್ಕರವರೆಗೆ ಒಳಗೆ. ನಾಲ್ಕೂವರೆಯಿಂದ ಬೀದಿ ದೀಪ ಹತ್ತುವ ತನಕ ಮತ್ತೆ ಹೊರಗೆ. ರಾಯಚೂರು, ಕಲಬುರಗಿ ಕಡೆಯವರು ಇದನ್ನು ಬದಲಾಯಿಸಿಕೊಳ್ಳಬೇಕು, ಅಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಎಂಟೂವರೆಗೇ ಮನೆ ಸೇರಿಸಿ, ಸಂಜೆ ಐದೂವರೆ ಆಗದೆ ಬಿಡಬೇಡಿ. ಮೇ ತಿಂಗಳಲ್ಲಿ ಗುಡುಗು ಮಳೆ ಎಲ್ಲಾ ಕಡೆ ಇದ್ದದ್ದೇ. ಗುಡುಗು ಕೇಳಿದ ಕೂಡಲೇ ಆಟ ಬಿಟ್ಟು ಒಳಗೆ ಬರಬೇಕು, ಮರದ ಕೆಳಗೆ ನಿಲ್ಲಬಾರದು ಅಂತ ಒಂದು ನಿಯಮ ಮಾಡಿ, ಅದರಲ್ಲಿ ಚೌಕಾಸಿ ಬೇಡ.

ಇದರ ಜೊತೆಗೆ ದಿನಕ್ಕೊಂದು ಮನೆಗೆಲಸ. 'ಸಹಾಯ' ಅಲ್ಲ, ಕೆಲಸ, ಅವರ ಹೆಸರಿನಲ್ಲೇ ಇರೋ ಕೆಲಸ. ಗಿಡಕ್ಕೆ ನೀರು, ಬಟ್ಟೆ ಮಡಿಸೋದು, ಬಟಾಣಿ ಸುಲಿಯೋದು, ಯಾವುದಾದರೂ ಸರಿ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಸಂಡಿಗೆ. ನಿಮ್ಮಲ್ಲಿ ತಾರಸಿ ಇದ್ದರೆ ದಯವಿಟ್ಟು ಇದನ್ನು ಬಿಡಬೇಡಿ. ಬೂದುಗುಂಬಳದ್ದು, ಅರಳಿನದ್ದು ಮಕ್ಕಳಿಗೆ ಸ್ವಲ್ಪ ಕಷ್ಟ, ಸಬ್ಬಕ್ಕಿಯದು ಸುಲಭ. ರಾತ್ರಿ ಸಬ್ಬಕ್ಕಿ ನೆನೆಸಿ, ಬೆಳಗ್ಗೆ ನೀವು ಅದನ್ನು ನೀರಿನಲ್ಲಿ ಕಾಳು ಪಾರದರ್ಶಕ ಆಗೋವರೆಗೆ ಬೇಯಿಸಿ, ಉಪ್ಪು, ಜೀರಿಗೆ, ಇಂಗು, ಅರೆದ ಹಸಿಮೆಣಸಿನಕಾಯಿ ಹಾಕಿ, ಆರಿದ ಮೇಲೆ ನಿಂಬೆರಸ ಹಿಂಡಿ ಕೊಡಿ. ಮುಂದಿನದು ಅವರ ಕೆಲಸ. ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಚಮಚದಲ್ಲಿ ಹಾಕುತ್ತಾ ಹೋಗೋದು. ನನ್ನ ಮಗಳದ್ದು ನಾಣ್ಯದ ಹಾಗೆ ಗುಂಡಗೆ, ಮಗನದ್ದು ಒಂದೊಂದೂ ಒಂದೊಂದು ದೇಶದ ನಕ್ಷೆ. ಸಂಜೆ ಎಬ್ಬಿಸಿ ಮಗುಚಿ ಹಾಕಬೇಕು, ಎರಡು ಮೂರು ದಿನ ಬಿಸಿಲು ಬೇಕು, ಮುರಿದರೆ ಪಟ್ ಅನ್ನಬೇಕು.

ಇದರಲ್ಲಿ ನಿಜವಾದ ಮಜಾ ಕಾಗೆ ಕಾಯೋದು. ಇಬ್ಬರೂ ಮೊದಲ ದಿನ ನೀರಿನ ಟ್ಯಾಂಕಿನ ನೆರಳಲ್ಲಿ ಕೋಲು ಹಿಡಿದು ಕೂತರು, ಬೇಜಾರಾಯಿತು. ಎರಡನೇ ದಿನ ಹಳೇ ಕರಿ ಕೊಡೆ ಬಿಚ್ಚಿ ನಿಲ್ಲಿಸಿದರು, ಕಾಗೆ ಬಂದು ಅದರ ಮೇಲೇ ಕೂತಿತು. ಮೂರನೇ ದಿನ ಕೊಡೆಗೆ ಹಗ್ಗ ಕಟ್ಟಿ ಮೆಟ್ಟಿಲ ಮೇಲಿಂದ ಎಳೆಯುವ ವ್ಯವಸ್ಥೆ ಆಯಿತು. ಇದನ್ನು ಯಾವ ಶಿಬಿರದಲ್ಲಿ ಹೇಳಿಕೊಡ್ತಾರೆ ಹೇಳಿ? ನಾನೇ ಹೇಳಿಕೊಟ್ಟಿದ್ದರೂ ಅದು ಹತ್ತು ನಿಮಿಷದ ಪ್ರಾಜೆಕ್ಟ್ ಆಗಿ ಮುಗಿಯುತ್ತಿತ್ತು. (ತಾರಸಿಗೆ ಕಳಿಸೋದು ಹತ್ತರೊಳಗೆ ಮತ್ತು ನಾಲ್ಕರ ಮೇಲೆ ಮಾತ್ರ, ನಡು ಮಧ್ಯಾಹ್ನ ಮೇಲೊಂದು ತೆಳು ಪಂಚೆ ಹೊದಿಸಿ ಬಂದರೆ ಆಯಿತು.)

ಮೊದಲ ನಾಲ್ಕು ದಿನ ಹಲ್ಲು ಕಚ್ಚಿ

ಇಡೀ ವಿಷಯದಲ್ಲಿ ಕಷ್ಟದ ಭಾಗ ಇದೇ. ವರ್ಷವಿಡೀ ಗಂಟೆ ಹೊಡೆದ ಹಾಗೆ ಎದ್ದು ಕೂತ ಮಕ್ಕಳಿಗೆ ಒಮ್ಮೆಗೇ ಹೊತ್ತು ಕೊಟ್ಟರೆ ಏನು ಮಾಡಬೇಕು ಅಂತ ಗೊತ್ತಾಗೋದಿಲ್ಲ. ಕಾಲು ಸುತ್ತಿಕೊಂಡು ತಿರುಗುತ್ತಾರೆ, ಫ್ರಿಜ್ ತೆಗೆದು ಮುಚ್ಚುತ್ತಾರೆ, ತಂಗಿಯ ಜಡೆ ಎಳೆಯುತ್ತಾರೆ, "ಬೋರ್ ಆಗ್ತಿದೆ" ಅಂತ ದಿನಕ್ಕೆ ಮೂವತ್ತು ಸಲ ಹೇಳುತ್ತಾರೆ. ಆಗ ನಮ್ಮಂಥವರು ಮಾಡುವ ತಪ್ಪು ಏನೆಂದರೆ ಕೂಡಲೇ ಪಟ್ಟಿ ಓದೋದು. ಚಿತ್ರ ಬರಿ, ಪುಸ್ತಕ ಓದು, ಸೈಕಲ್ ಹೊಡಿ. ನೀವು ಹೇಳಿದ್ದೆಲ್ಲಾ ಅವರಿಗೆ ಬೇಡ, ಅದು ಗೊತ್ತಿದ್ದೇ ಕೇಳುತ್ತಾರೆ.

ನಾನು ಹೇಳೋದು "ಹೌದಾ, ಸರಿ" ಅಷ್ಟೇ. ಹೇಳಿ ಹುರುಳಿಕಾಯಿ ಹೆಚ್ಚುವುದನ್ನು ಮುಂದುವರಿಸುತ್ತೇನೆ. ಕರುಣೆ ಇಲ್ಲದ ತಾಯಿ ಅನ್ನಿಸಿಕೊಳ್ಳೋಕೆ ತಯಾರಿರಬೇಕು. ಮನೆಯಲ್ಲಿ ಅಜ್ಜಿಯೋ ಅಪ್ಪನೋ "ಪಾಪ, ಫೋನ್ ಕೊಡು ಒಂದ್ ಹತ್ತು ನಿಮಿಷ" ಅಂದರೆ ನಾಲ್ಕು ದಿನದ್ದೂ ಹಾಳು, ಹಾಗಾಗಿ ದೊಡ್ಡವರ ಜೊತೆ ಮೊದಲೇ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಎರಡನೇ ದಿನ ಬಗ್ಗಿದವರು ನಮ್ಮ ಮನೆಯವರೇ.

ಬದಲಿಗೆ ಒಂದು ಬುಟ್ಟಿ ಇಡಿ. ಸೀಮೆಸುಣ್ಣ, ಸೆಣಬಿನ ಹಗ್ಗ, ಹಳೇ ಪಂಚೆ, ರಟ್ಟಿನ ಡಬ್ಬಗಳು, ಗೋಂದು, ಬಟ್ಟೆ ಕ್ಲಿಪ್ಪು, ಹುಣಸೆ ಬೀಜ, ಹಿಂದಿನ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆ. ಇದರಿಂದ ಇಂಥದ್ದು ಮಾಡಿ ಅಂತ ಬಾಯಿ ಬಿಡಬೇಡಿ.

ನಮ್ಮಲ್ಲಿ ನಾಲ್ಕನೇ ದಿನ ಪಂಚೆ ಡೇರೆ ಆಯಿತು. ಐದನೇ ದಿನ ಕೆಳಗಿನ ಮನೆ ಓನರ್ ಮೊಮ್ಮಕ್ಕಳೂ ಸೇರಿ ಮೆಟ್ಟಿಲೇ ಬಸ್ಸಾಯಿತು. ನನ್ನ ಮಗ ಕಂಡಕ್ಟರ್. ಒಂದೊಂದು ಮೆಟ್ಟಿಲೂ ಒಂದೊಂದು ಸ್ಟಾಪು, ತುಮಕೂರು, ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್, ತಿಪಟೂರು, ಅಜ್ಜಿ ಮನೆಗೆ ಹೋಗುವ ದಾರಿ ಅದು, ಬಾಯಿಪಾಠ. ಹಾಳೆ ಹರಿದು ಟಿಕೆಟ್ ಕೊಡೋಕೆ ಶುರು ಮಾಡಿದ. ಮಗಳು "ನಂಗೆ ಫ್ರೀ, ಶೂನ್ಯ ಟಿಕೆಟ್ ಕೊಡು" ಅಂತ ಕೂತಳು. ಇವನು "ಆಧಾರ್ ತೋರಿಸು" ಅಂದ. ಅವಳು ಅರ್ಧ ಗಂಟೆ ಕೂತು ರಟ್ಟಿನಲ್ಲಿ ಆಧಾರ್ ಕಾರ್ಡ್ ಮಾಡಿಕೊಂಡು ಬಂದಳು, ಫೋಟೊ ಸಮೇತ. ಆಮೇಲೆ ಹುಡುಗರಿಗೆ ಹಾಫ್ ಟಿಕೆಟ್ ಎಷ್ಟು ವರ್ಷದವರೆಗೆ ಅಂತ ದೊಡ್ಡ ಗಲಾಟೆ, ಹನ್ನೆರಡು ಅಂತ ತೀರ್ಪು ಕೊಡೋಕೆ ನನ್ನನ್ನು ಕರೆದರು. ಆ ಬಸ್ಸು ಹನ್ನೊಂದು ದಿನ ಓಡಿತು, ನಡುವೆ ಎರಡು ಸಲ ಮುಷ್ಕರ ಕೂಡ ಆಯಿತು. ಮೂರನೇ ದಿನ ನಾನು ಸೋತು ಫೋನ್ ಕೊಟ್ಟಿದ್ದರೆ ಅದು ಹೊರಡುತ್ತಲೇ ಇರಲಿಲ್ಲ.

ಆಟ ಹೇಳಿಕೊಟ್ಟು ಎದ್ದು ಬನ್ನಿ

ಕೆಲವು ಆಟ ತಾವಾಗೇ ಬರೋದಿಲ್ಲ, ಯಾರಾದರೂ ಒಮ್ಮೆ ಹೇಳಿಕೊಡಬೇಕು. ಮುಂಚೆ ಬೀದಿಯ ದೊಡ್ಡ ಮಕ್ಕಳು ಹೇಳಿಕೊಡುತ್ತಿದ್ದರು, ಈಗ ಆ ಕೆಲಸ ನಮ್ಮದು. ಮಧ್ಯಾಹ್ನಕ್ಕೆ ಚೌಕಾಬಾರ ಹೇಳಿ ಮಾಡಿಸಿದ್ದು. ಐದಕ್ಕೆ ಐದು ಮನೆ ಸೀಮೆಸುಣ್ಣದಲ್ಲಿ ಬರೆಯಿರಿ, ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೆರೆ ಹಾಕಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜದ ಒಂದೊಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ. ಬಿಳಿ ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ, ನಾಲ್ಕೂ ಬಿದ್ದರೆ ಚೌಕ, ಒಂದೂ ಬೀಳದಿದ್ದರೆ ಬಾರ, ಅಂದರೆ ಎಂಟು. ಈ ಎರಡಕ್ಕೂ ಮತ್ತೊಂದು ಸಲ ಹಾಕಬಹುದು. ಎದುರಾಳಿಯ ಒಂದು ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನೋದು ನಮ್ಮ ಕಡೆ ನಿಯಮ, ನಿಮ್ಮ ಕಡೆ ಬೇರೆ ಇರಬಹುದು. ಅಟ್ಟದ ಮೇಲೆ ಅಳಗುಳಿಮಣೆ ಇದ್ದರೆ, ಕರಾವಳಿಯವರಾದರೆ ಚೆನ್ನೆಮಣೆ, ಕೆಳಗಿಳಿಸಿ ಒರೆಸಿ ಕೊಡಿ. ಸಂಜೆಗೆ ಲಗೋರಿ, ಕುಂಟೆಬಿಲ್ಲೆ. ಚಿನ್ನಿದಾಂಡು ಮಾತ್ರ ಕಾರುಗಳು ನಿಲ್ಲುವ ಬೀದಿಯಲ್ಲಿ ಬೇಡ, ಅನುಭವದ ಮಾತು, ಗಾಜಿನ ದುಡ್ಡು ಕೊಟ್ಟಿದ್ದೇನೆ.

ಮೊದಲ ಎರಡು ದಿನ ನೀವೂ ಕೂತು ಆಡಿ. ಆಮೇಲೆ ಏನಾದರೂ ನೆಪ ಹೇಳಿ ಎದ್ದು ಬನ್ನಿ. ಜಗಳ ಆಗುತ್ತದೆ, ಓಡಿ ಹೋಗಬೇಡಿ. ಕೈ ಎತ್ತಿದರೆ ಅಥವಾ ದಿನಾ ಒಂದೇ ಮಗುವನ್ನು ಆಟದಿಂದ ಹೊರಗಿಡುತ್ತಿದ್ದರೆ ಮಾತ್ರ ಮಧ್ಯೆ ಹೋಗಿ. ಮೋಸ ಮಾಡಿದ ಅಂತ ಬರುವ ದೂರಿಗೆ ಕಿವಿ ಕೊಡಬೇಡಿ.

ಒಂಟಿ ಮಗು ಇರುವವರಿಗೆ ಒಂದು ಮಾತು. ನಿಮ್ಮ ಮಗುವಿಗೆ ಬೇಕಿರೋದು ಶಿಬಿರಕ್ಕಿಂತ ಇನ್ನೊಂದು ಮಗು. ಪಕ್ಕದ ಮನೆಯವರ ಬಾಗಿಲು ತಟ್ಟಿ, ನಾಚಿಕೆ ಬೇಡ, ಅವರೂ ಇದೇ ಕಷ್ಟದಲ್ಲಿರುತ್ತಾರೆ.

ಮೊಬೈಲು, ಮತ್ತೆ ಆಫೀಸು

ಮೊಬೈಲ್ ಪೂರ್ತಿ ಬಂದ್ ಮಾಡೋಕೆ ನನ್ನ ಕೈಲಿ ಆಗಲಿಲ್ಲ, ಸುಳ್ಳು ಹೇಳೋದಿಲ್ಲ. ಊಟ ಆದ ಮೇಲೆ ಒಂದು ಗಂಟೆ, ಟಿವಿಯಲ್ಲಿ, ಹಾಲಿನಲ್ಲಿ. ಕೈಯಲ್ಲಿ ಹಿಡಿದು ಕೋಣೆ ಸೇರುವ ಹಾಗಿಲ್ಲ. ಐಪಿಎಲ್ ಮ್ಯಾಚಿಗೆ ವಿನಾಯಿತಿ, ಅದೂ ನಮ್ಮ ಟೀಮ್ ಇದ್ದ ದಿನ ಮಾತ್ರ.

ಇಬ್ಬರೂ ಕೆಲಸಕ್ಕೆ ಹೋಗುವವರು ಇಷ್ಟೆಲ್ಲಾ ಓದಿ "ಹೇಳೋದು ಸುಲಭ" ಅಂದುಕೊಳ್ಳುತ್ತಿರಬಹುದು. ನಾನೂ ಕೆಲಸಕ್ಕೆ ಹೋಗುವವಳೇ. ನಾವು ಬೀದಿಯ ನಾಲ್ಕು ಮನೆಯವರು ಸೇರಿ ಮಧ್ಯಾಹ್ನಗಳನ್ನು ಹಂಚಿಕೊಂಡೆವು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಯಾರ ಸರದಿಯೋ ಅವರು ರಜೆ ಹಾಕುತ್ತಾರೆ, ಇಲ್ಲವೇ ಮನೆಯಿಂದ ಕೆಲಸ ಮಾಡುತ್ತಾರೆ, ಇಲ್ಲವೇ ಅವರ ಮನೆಯ ಹಿರಿಯರು ನೋಡಿಕೊಳ್ಳುತ್ತಾರೆ. ತಿಂಡಿ ಅವರವರ ಮಕ್ಕಳೇ ಡಬ್ಬಿಯಲ್ಲಿ ತರಬೇಕು, ಇಲ್ಲದಿದ್ದರೆ ಎರಡನೇ ವಾರಕ್ಕೆ ಮನಸ್ತಾಪ ಶುರು. ಮನೆಯಲ್ಲಿ ಅತ್ತೆಯೋ ಅಮ್ಮನೋ ಇದ್ದಾರೆ ಅಂತ ಇಡೀ ದಿನ ಅವರ ತಲೆ ಮೇಲೆ ಹಾಕಬೇಡಿ. ನಮ್ಮತ್ತೆಗೆ ಎರಡರಿಂದ ನಾಲ್ಕು ಮಲಗಲೇಬೇಕು. ಆ ಹೊತ್ತಿಗೇ ಟಿವಿ ಮತ್ತು ಚೌಕಾಬಾರ ಇಟ್ಟಿದ್ದು.

ಬಿಡುವ ಮುಂಚೆ ಮನೆ ಒಂದು ಸುತ್ತು ನೋಡಿ

ಸುಮ್ನೆ ಬಿಡೋದು ಅಂದರೆ ಕಣ್ಣು ಮುಚ್ಚೋದಲ್ಲ. ರಜೆ ಶುರುವಾಗುವ ಹಿಂದಿನ ದಿನವೇ ಸಂಪಿನ ಮುಚ್ಚಳ ಗಟ್ಟಿಯಾಗಿದೆಯಾ, ಅದರ ಮೇಲೆ ನಿಂತರೆ ಕುಸಿಯುತ್ತಾ ನೋಡಿ. ತಾರಸಿಯ ಗೋಡೆ ಮಗುವಿನ ಎದೆಗಿಂತ ಕೆಳಗಿದ್ದರೆ ಒಬ್ಬರನ್ನೇ ಕಳಿಸಬೇಡಿ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಅಲ್ಲಿ ನೀರು ನಿಂತ ಗುಂಡಿ ಇರುತ್ತದೆ, ಮಕ್ಕಳಿಗೆ ಅದೇ ಸ್ವರ್ಗ. ಗ್ಯಾಸ್ ಸಿಲಿಂಡರ್ ಬಂದ್ ಮಾಡೋದು ಹತ್ತು ದಾಟಿದವರಿಗೆ ಕಲಿಸಿ. ನಿಮ್ಮ ನಂಬರ್ ಫೋನಿನಲ್ಲಿ ಇದ್ದರೆ ಸಾಲದು, ಬಾಯಿಪಾಠ ಬರಬೇಕು. ಮಡಕೆ ನೀರು ಕೈಗೆಟುಕುವ ಹಾಗೆ ಇಡಿ. ನೀರು ಕುಡಿದ್ಯಾ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಅದಕ್ಕೇ ಹನ್ನೊಂದಕ್ಕೆ ಒಂದು ಲೋಟ ಮಜ್ಜಿಗೆ, ನಾಲ್ಕಕ್ಕೆ ಒಂದು ಲೋಟ ನಿಂಬೆ ಪಾನಕ ಎದುರು ನಿಂತು ಕುಡಿಸಿ.

ಅಜ್ಜಿ ಮನೆಯ ಹನ್ನೆರಡು ದಿನ

ಇಲ್ಲಿ ಪ್ಲ್ಯಾನೇ ಬೇಡ. ರಜೆ ಹೋಮ್‌ವರ್ಕ್ ಪುಸ್ತಕ ಬ್ಯಾಗಿಗೆ ಹಾಕಬೇಡಿ, ಅದು ಬ್ಯಾಗಿನಲ್ಲೇ ಹೋಗಿ ಬ್ಯಾಗಿನಲ್ಲೇ ಬರುತ್ತದೆ. ಹಳೇ ಬಟ್ಟೆ, ಗಟ್ಟಿ ಚಪ್ಪಲಿ, ಒಂದು ಟಾರ್ಚು ಸಾಕು. ಸರ್ಕಾರಿ ಬಸ್ಸಿನಲ್ಲೇ ಕರೆದುಕೊಂಡು ಹೋಗಿ. 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ನಮಗೂ ಹೆಣ್ಣುಮಕ್ಕಳಿಗೂ ಟಿಕೆಟ್ ದುಡ್ಡಿಲ್ಲ, ಮಗನ ಹಾಫ್ ಟಿಕೆಟ್ ಅಷ್ಟೇ ಖರ್ಚು. ಬಾವಿ, ಕೃಷಿ ಹೊಂಡ ಎಲ್ಲಿದೆ ಅಂತ ಹೋದ ದಿನವೇ ಮಾವನೋ ಚಿಕ್ಕಪ್ಪನೋ ಜೊತೆಗೆ ನಿಂತು ತೋರಿಸಲಿ. ಮೊದಲ ಎರಡು ದಿನ ವೈಫೈ ಇಲ್ಲ, ಸೊಳ್ಳೆ ಇದೆ, ಟಾಯ್ಲೆಟ್ ದೂರ ಅಂತ ಫೋನ್ ಬರುತ್ತದೆ. ಮೂರನೇ ದಿನದಿಂದ ನೀವು ಫೋನ್ ಮಾಡಿದರೂ ತೆಗೆಯೋದಿಲ್ಲ. ಏನು ಮಾಡಿದ್ರಿ ಅಂತ ಕೇಳಿದರೆ "ಏನಿಲ್ಲ" ಅನ್ನುತ್ತಾರೆ. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದು ಬಾಯಿ ಸುತ್ತ ಸೊನೆ ಸುಟ್ಟ ಗುರುತು ಇರುತ್ತದೆ, ಅಷ್ಟರಲ್ಲೇ ತಿಳ್ಕೋಬೇಕು.

ಹೋಮ್‌ವರ್ಕನ್ನು ವಾಪಸ್ ಬಂದ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ, ಬೆಳಗ್ಗೆ ತಿಂಡಿಗೆ ಮುಂಚೆ ಮಾಡಿಸಿ. ಮೇ 22ರ ಹೊತ್ತಿಗೆ ಮಲಗುವ ಹೊತ್ತನ್ನು ದಿನಾ ಕಾಲು ಗಂಟೆ ಹಿಂದೆ ತನ್ನಿ. ಮತ್ತೆ ಶಾಲೆ ಶೂ ಅದಕ್ಕೂ ಮುಂಚೆಯೇ ಹಾಕಿಸಿ ನೋಡಿ. ಒಂದೂವರೆ ತಿಂಗಳು ಬರಿಗಾಲಲ್ಲಿ ಓಡಾಡಿದ ಪಾದ ಹಳೇ ಶೂಗೆ ಹೋಗೋದಿಲ್ಲ, ಕೊನೇ ಭಾನುವಾರ ಅಂಗಡಿಗೆ ಹೋದರೆ ನಿಮ್ಮ ಮಗುವಿನ ನಂಬರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಇರುತ್ತದೆ.